ಹರಬೋಲರ ಬಾಯಿಂದ ಕೇಳಿದ್ದು

(ಸುಭದ್ರಾಕುಮಾರಿ ಚೌಹಾನ್ ಅವರನ್ನು ಕುರಿತ ದತ್ತಿ ಉಪನ್ಯಾಸದ ಲಿಖಿತ ರೂಪ)



ಈ ದತ್ತಿ ಒಬ್ಬ ಹಿಂದಿ ಟೀಚರಮ್ಮನ ಹೆಸರಿನಲ್ಲಿದೆ. 'ಚಳವಳಿಯಲ್ಲಿದ್ದ ಯಾರಾದರೂ ಕವಯಿತ್ರಿಯ ಬಗ್ಗೆ ಮಾತಾಡಿ' ಎಂದು ಸಂಘದವರು ಫೋನು ಮಾಡಿದಾಗ, ಸರೋಜಿನಿ ನಾಯ್ಡು ಎಂದು ಅವರೇ ಅರ್ಧ ಬರೆದುಕೊಂಡಿದ್ದರು. ನಾನು ಬೇರೆ ಹೆಸರು ಹೇಳಿದೆ. ಟೀಚರಮ್ಮನ ದತ್ತಿಗೆ ಟೀಚರಮ್ಮನ ಕವಿಯೇ ಸರಿ. ನಮ್ಮ ಕಡೆ ಹಿಂದಿ ಪರೀಕ್ಷೆ ಕಟ್ಟಿದ ಎರಡು ಮೂರು ತಲೆಮಾರಿನವರಿಗೆ ಮರೆತರೂ ಮರೆಯದ ಒಂದು ಪದ್ಯವಿದೆ, ಝಾನ್ಸಿ ರಾಣಿಯದು. ಬರೆದವರ ಹೆಸರು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತೇವೆ.

ಆ ಪದ್ಯವನ್ನು ನಮಗೆ ಬಾಯಿಪಾಠ ಮಾಡಿಸುವಾಗ ಮೇಷ್ಟ್ರು ಬೆತ್ತದಿಂದ ಮೇಜಿನ ಮೇಲೆ ತಾಳ ಹಾಕುತ್ತಿದ್ದರು. ಅದರ ಪಲ್ಲವಿಯಲ್ಲಿ 'ಹರಬೋಲ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅದು ಯಾವುದೋ ಊರಿನ ಹೆಸರು ಅಂತ ನಾನು ಬಹಳ ದಿನ ತಿಳಿದಿದ್ದೆ. ನನ್ನ ಪಕ್ಕದ ಹುಡುಗಿ ಪ್ರಕಾರ ಅದೊಂದು ಹಕ್ಕಿ. ಮೇಷ್ಟ್ರಿಗೂ ಗೊತ್ತಿತ್ತೋ ಇಲ್ಲವೋ, 'ಮುಂದೆ ಹೇಳು' ಎಂದರು. ಹರಬೋಲ ಊರೂ ಅಲ್ಲ, ಹಕ್ಕಿಯೂ ಅಲ್ಲ. ಬುಂದೇಲಖಂಡದಲ್ಲಿ ಊರೂರು ತಿರುಗಿ, ಮನೆಮುಂದೆ ನಿಂತು ವೀರರ ಕಥೆ ಹಾಡಿ, ಕೊಟ್ಟಷ್ಟು ಕಾಳು ಜೋಳಿಗೆಗೆ ಹಾಕಿಸಿಕೊಂಡು ಮುಂದೆ ಹೋಗುವವರು. ನಮ್ಮ ಗೊಂದಲಿಗರು, ಕಿನ್ನರಿ ಜೋಗಿಗಳು ಇದ್ದ ಹಾಗೆ. ರಾಣಿಯ ಕಥೆಯನ್ನು ನಾವು ಕೇಳಿದ್ದು ಇವರ ಬಾಯಿಂದ ಎಂದು ಕವಿ ಒಂದೊಂದು ನುಡಿ ಮುಗಿದಾಗಲೂ ಒಪ್ಪಿಕೊಳ್ಳುತ್ತಾರೆ. ನಾನು ಬರೆದೆ ಅನ್ನುವುದಿಲ್ಲ, ಕೇಳಿದೆ ಅನ್ನುತ್ತಾರೆ. ಅದನ್ನು ಬರೆದ ಸುಭದ್ರಾಕುಮಾರಿ ಚೌಹಾನರ ಬದುಕನ್ನೂ ಬರಹವನ್ನೂ ಈ 'ಕೇಳಿದೆ' ಎಂಬ ಒಂದು ಮಾತಿನಿಂದಲೇ ನೋಡಬೇಕು ಎಂದು ನನಗೆ ಈಗ ಅನ್ನಿಸುತ್ತದೆ.

ಹುಟ್ಟಿದ್ದು 1904ರ ಆಗಸ್ಟ್ 16, ನಾಗರಪಂಚಮಿಯ ದಿನ, ಅಲಹಾಬಾದಿನ ಬಳಿಯ ನಿಹಾಲ್‌ಪುರದಲ್ಲಿ, ಠಾಕೂರರ ಮನೆಯಲ್ಲಿ. ಒಂಬತ್ತರ ವಯಸ್ಸಿಗೇ ಬೇವಿನ ಮರದ ಮೇಲೆ ಬರೆದ ಪದ್ಯವೊಂದು 'ಮರ್ಯಾದಾ' ಪತ್ರಿಕೆಯಲ್ಲಿ ಅಚ್ಚಾಯಿತು. ಓದಿದ್ದು ಅಲಹಾಬಾದಿನ ಕ್ರಾಸ್ತ್‌ವೇಟ್ ಹೆಣ್ಣುಮಕ್ಕಳ ಶಾಲೆಯಲ್ಲಿ. ಇವರು ಏಳನೆಯ ತರಗತಿಯಲ್ಲಿದ್ದಾಗ ಐದನೆಯ ತರಗತಿಗೆ ಒಬ್ಬ ನಾಚಿಕೆಯ ಹುಡುಗಿ ಬಂದಳು. ಲೆಕ್ಕದ ಪುಸ್ತಕದಲ್ಲಿ ಲೆಕ್ಕದ ಜೊತೆ ಇನ್ನೇನನ್ನೋ ಗೀಚುತ್ತಿದ್ದಳು. ಸುಭದ್ರಾ ಹೋಗಿ ಕೇಳಿದರು, ನೀನು ಕವಿತೆ ಬರೆಯುತ್ತೀಯಂತೆ, ಹೌದೇ? ಹುಡುಗಿ ಇಲ್ಲ ಎಂದಳು. ಪುಸ್ತಕ ಕಸಿದು ನೋಡಿದರೆ ಕಳವು ಸಿಕ್ಕಿತು. ಒಂದು ಕೈಯಲ್ಲಿ ಆ ಪುಸ್ತಕ, ಇನ್ನೊಂದು ಕೈಯಲ್ಲಿ ಆ ಹುಡುಗಿಯ ಕೈ ಹಿಡಿದುಕೊಂಡು ಇವರು ತರಗತಿಯಿಂದ ತರಗತಿಗೆ ಎಳೆದಾಡಿ ಸಾರಿಬಿಟ್ಟರು. ಆ ಹುಡುಗಿ ಮಹಾದೇವಿ ವರ್ಮಾ. 'ಪಥ್ ಕೇ ಸಾಥೀ' ಎಂಬ ತಮ್ಮ ನೆನಪಿನ ಪುಸ್ತಕದಲ್ಲಿ ಮಹಾದೇವಿಯವರೇ ಇದನ್ನು ಬರೆದಿದ್ದಾರೆ. ಸುಭದ್ರಾ ಬಗ್ಗೆ ನಮಗೆ ಸಿಗುವ ಬಿಸಿಬಿಸಿ ಸಂಗತಿಗಳೆಲ್ಲ ಹೆಚ್ಚಾಗಿ ಆ ಗೆಳತಿಯಿಂದಲೇ ಬಂದವು. ನಾನು ಇಂದು ಹೇಳುವುದರಲ್ಲೂ ಅರ್ಧ ಅವರದೇ.

ಇಬ್ಬರೂ ಒಂದೇ ಶಾಲೆಯ ಮೆಟ್ಟಿಲಿನಿಂದ ಇಳಿದವರು. ದಾರಿ ಮಾತ್ರ ಕವಲೊಡೆಯಿತು. ಮಹಾದೇವಿ ಮದುವೆಯ ಬದುಕನ್ನು ಒಲ್ಲೆ ಎಂದು, ಬಿಳಿ ಸೀರೆ ಉಟ್ಟು, ಪ್ರಸಾದ್, ನಿರಾಲಾ, ಪಂತ್ ಅವರ ಜೊತೆ ಛಾಯಾವಾದದ ನಾಲ್ಕು ಕಂಬಗಳಲ್ಲಿ ಒಂದಾದರು. ಸುಭದ್ರಾ ಹದಿನೈದು ತುಂಬುವ ಹೊತ್ತಿಗೆ, 1919ರಲ್ಲಿ, ಖಂಡ್ವಾದ ಲಕ್ಷ್ಮಣ ಸಿಂಹ ಚೌಹಾನರನ್ನು ಮದುವೆಯಾಗಿ ಸಂಸಾರಕ್ಕೆ ಇಳಿದರು. ಲಕ್ಷ್ಮಣ ಸಿಂಹರು ವಕೀಲಿ ಓದಿದವರು. ಕಡಲಾಚೆಗೆ ಸಾಗಿಸುತ್ತಿದ್ದ ಕೂಲಿಗಳ ಮೇಲೆ ನಾಟಕ ಬರೆದವರು. 1920ರಲ್ಲಿ ಜಬಲ್‌ಪುರದಲ್ಲಿ ಮಾಖನಲಾಲ್ ಚತುರ್ವೇದಿಯವರು 'ಕರ್ಮವೀರ' ಪತ್ರಿಕೆ ಶುರು ಮಾಡಿದಾಗ ಅವರ ಜೊತೆ ಸೇರಿಕೊಂಡರು. ಸುಭದ್ರಾ ಆಗ ಬನಾರಸಿನಲ್ಲಿ ಓದು ಮುಂದುವರಿಸಿದ್ದರು. ಅಸಹಕಾರದ ಕರೆ ಬಂತು, ಓದು ಅಲ್ಲಿಗೇ ನಿಂತಿತು. ಗಂಡ ಹೆಂಡತಿ ಇಬ್ಬರೂ ಜಬಲ್‌ಪುರದಲ್ಲಿ ಚಳವಳಿಗೆ ಬಿದ್ದರು. ವಕೀಲರ ಮನೆಗೆ ಬರಬೇಕಾದ ಹಣ ಬರಲಿಲ್ಲ. ಬಂದವರಿಗೆ ಊಟವಂತೂ ತಪ್ಪಲಿಲ್ಲ.

1923ರ ಬಾವುಟದ ಸತ್ಯಾಗ್ರಹದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅದರಲ್ಲಿ ನಮ್ಮವರ ಪಾಲೂ ಇದೆ. ಜಬಲ್‌ಪುರದ ಪುರಭವನದ ಮೇಲೆ ಚರಕದ ಬಾವುಟ ಹಾರಿಸುವುದೇ ಬೇಡವೇ ಎಂಬುದು ಜಗಳದ ಮೂಲ. ಮುನ್ಸಿಪಾಲಿಟಿಯಲ್ಲಿ ನಮ್ಮವರೇ ಕೂತಿದ್ದರೂ ಕಟ್ಟಡದ ಮೇಲೆ ನಮ್ಮ ಬಟ್ಟೆ ಹಾರಬಾರದು ಎಂದು ಸರಕಾರ ಹಟ ಹಿಡಿಯಿತು. ಮಾರ್ಚಿನಲ್ಲಿ ಪಂಡಿತ ಸುಂದರಲಾಲರು ಮೆರವಣಿಗೆ ಹೊರಡಿಸಿದರು. ಸುಭದ್ರಾ ಅದರಲ್ಲಿದ್ದರು. ಪೊಲೀಸರು ಬಾವುಟ ಕಿತ್ತು ತುಳಿದರು. ಬಿಳಿ, ಹಸಿರು, ಕೆಂಪು ಪಟ್ಟೆಯ ನಡುವೆ ಚರಕವಿದ್ದ ಆ ಖಾದಿ ತುಂಡು ಅಲ್ಲಿಯತನಕ ಕಾಂಗ್ರೆಸ್ ಸಭೆಗಳ ಅಲಂಕಾರವಾಗಿತ್ತು. ತುಳಿಸಿಕೊಂಡ ಮೇಲೆ ದೇಶದ ಬಾವುಟವಾಯಿತು. ಜಗಳ ನಾಗಪುರಕ್ಕೆ ಹಬ್ಬಿತು. ಮೇ 1ರಿಂದ ಜಮ್ನಾಲಾಲ್ ಬಜಾಜರ ಮುಂದಾಳುತನದಲ್ಲಿ, ಅವರು ಸೆರೆಯಾದ ಮೇಲೆ ವಲ್ಲಭಭಾಯಿ ಪಟೇಲರ ಉಸ್ತುವಾರಿಯಲ್ಲಿ, ದಿನಕ್ಕೊಂದು ತಂಡ ಬಾವುಟ ಹಿಡಿದು ಬಿಳಿಯರ ಬಡಾವಣೆ ಸಿವಿಲ್ ಲೈನ್ಸಿನ ಕಡೆ ನಡೆಯುವುದು, ಗೆರೆ ದಾಟುವ ಮುಂಚೆ ಹಿಡಿಸಿಕೊಳ್ಳುವುದು. ಆಗಸ್ಟಿನವರೆಗೆ ನಡೆಯಿತು. ಅಲ್ಲಿ ಸೆರೆಯಾದ ಮೊದಲ ಹೆಂಗಸು ಸುಭದ್ರಾ. ವಯಸ್ಸು ಹದಿನೆಂಟು.

ಅದೇ ನಾಗಪುರಕ್ಕೆ ಹುಬ್ಬಳ್ಳಿಯಿಂದ ಡಾಕ್ಟರ್ ನಾ.ಸು. ಹರ್ಡೀಕರರ ಹುಡುಗರೂ ಹೋಗಿದ್ದರು. ಹಿಡಿದರು, ಹಾಕಿದರು. ಕ್ಷಮೆ ಕೇಳಿದರೆ ಬಿಡುತ್ತೇವೆ ಎಂದಾಗ ಇವರು ಕೇಳಲಿಲ್ಲ. ಆ ಹಟವನ್ನು ನೋಡಿದ್ದಕ್ಕೇ ಆ ವರ್ಷದ ಕೊನೆಗೆ ಕಾಕಿನಾಡದ ಅಧಿವೇಶನದಲ್ಲಿ ಸೇವಾದಳ ಕಟ್ಟುವ ಹೊಣೆ ಹರ್ಡೀಕರರಿಗೆ ಬಂತು. ಆದ್ದರಿಂದ ಈ ಕವಯಿತ್ರಿ ಎಲ್ಲಿಯವಳೋ, ನಮಗೇನು ಎಂದು ಧಾರವಾಡ ಜಿಲ್ಲೆಯವರು ಮಾತ್ರ ಕೇಳುವಂತಿಲ್ಲ. ಒಂದೇ ಬಾವುಟದ ಕೆಳಗೆ ಜೈಲು ಸೇರಿದವರು.

ಜೈಲಿಗೆ ಹೋಗುವಾಗ ಬಂದು ಬೀಳುತ್ತಿದ್ದ ಹೂಮಾಲೆಗಳ ವಿಷಯ ಮಹಾದೇವಿ ಹೇಳುತ್ತಾರೆ. ಮಾಲೆ ಎಷ್ಟು ಬರುತ್ತಿದ್ದವೆಂದರೆ ಸುಭದ್ರಾ ಅವನ್ನೆಲ್ಲ ಒಟ್ಟಿ ತಲೆದಿಂಬು ಮಾಡಿಕೊಂಡು ಮಲಗಿ, ಹೂವಿನ ಹಾಸಿಗೆಯ ಸುಖ ಹೀಗೇ ಇರಬೇಕು ಎಂದುಕೊಳ್ಳುತ್ತಿದ್ದರಂತೆ. ಇದನ್ನು ನಗುತ್ತಾ ಹೇಳುತ್ತಿದ್ದರಂತೆ. ಮಾಲೆಗೆ ಕೊರಳು ಕೊಟ್ಟ ಮುಂದಾಳುಗಳನ್ನು ಬಹಳ ನೋಡಿದ್ದೇವೆ. ತಲೆದಿಂಬು ಮಾಡಿಕೊಂಡವರು ಇವರೊಬ್ಬರೇ ಇರಬೇಕು.

ಇನ್ನೊಂದು ಸಂಗತಿ ನಗುವಂಥದ್ದಲ್ಲ. ಒಂದು ಸೆರೆವಾಸದಲ್ಲಿ ಪುಟ್ಟ ಮಗಳು ಜೊತೆಗಿದ್ದಳು. ಹಸಿವೆಂದು ಅಳುತ್ತಿದ್ದಳು. ಕೊಡಲು ಏನೂ ಇಲ್ಲ. ಅಲ್ಲೇ ಸೆರೆಯಾಳು ಹೆಂಗಸರು ಕೂತು ತೊಗರಿ ಒಡೆಯುತ್ತಿದ್ದರು. ತಾಯಿ ಅವರ ಹತ್ತಿರ ಹೋಗಿ ಒಂದಿಷ್ಟು ಬೇಳೆ ಇಸಕೊಂಡು, ಹಂಚಿನ ಮೇಲೆ ಹುರಿದು ಮಗುವಿಗೆ ತಿನ್ನಿಸಿದರು. ಚಳವಳಿಯ ಚರಿತ್ರೆಯಲ್ಲಿ ಈ ಬೇಳೆ ಇರುವುದಿಲ್ಲ. ನಿರ್ಣಯಗಳಿರುತ್ತವೆ, ಅಧಿವೇಶನಗಳಿರುತ್ತವೆ. ನಮ್ಮಲ್ಲೂ ಹಾಗೇ. ಅಂಕೋಲೆ, ಸಿದ್ದಾಪುರದ ಕರನಿರಾಕರಣೆಯಲ್ಲಿ ಮನೆ, ಪಾತ್ರೆ, ದನ ಎಲ್ಲ ಜಪ್ತಿಯಾದ ಮೇಲೆ ಹೆಂಗಸರು ಆ ರಾತ್ರಿ ಮಕ್ಕಳಿಗೆ ಏನು ಹಾಕಿದರು ಎಂದು ನಾವು ಎಷ್ಟು ಜನ ಕೇಳಿದ್ದೇವೆ?

ಸುಭದ್ರಾ ಕೇಳಿದರು. ಆ ತೊಗರಿ ಒಡೆಯುವ ಹೆಂಗಸರನ್ನು ಅವರು ಮರೆಯಲಿಲ್ಲ ಎನ್ನುವುದಕ್ಕೆ 'ರಾಹೀ' ಎಂಬ ಕಥೆಯೇ ಸಾಕು. ಕಥೆಯೆಂದರೆ ಹೆಚ್ಚಿನದೇನಿಲ್ಲ, ಜೈಲಿನೊಳಗೆ ಇಬ್ಬರ ಮಾತು. ಒಬ್ಬಳು ಅನಿತಾ, ಸತ್ಯಾಗ್ರಹ ಮಾಡಿ ಬಂದವಳು. ಇನ್ನೊಬ್ಬಳು ರಾಹೀ, ಕಳ್ಳರೆಂದೇ ಹೆಸರು ಹಚ್ಚಿಸಿಕೊಂಡ ಪಂಗಡದವಳು. ಏನು ಕದ್ದೆ ಎಂದರೆ ಕಾಳು. ಎಷ್ಟು ಎಂದರೆ ಐದಾರು ಸೇರು. ಯಾಕೆ ಎಂದರೆ ಮಕ್ಕಳು ಹಸಿದಿದ್ದವು. ಅನಿತಾಳಿಗೆ ಮೊದಲು ಕಳ್ಳಿಯ ಮೇಲೆ ಅಸಹ್ಯ, ಆಮೇಲೆ ತನ್ನ ಮೇಲೇ ಅನುಮಾನ. ಜೈಲಿಗೆ ಬಂದ ನಮ್ಮಲ್ಲಿ ಎಷ್ಟು ಜನ ದೇಶಕ್ಕಾಗಿ ಬಂದವರು, ಎಷ್ಟು ಜನ ಹೆಸರಿಗಾಗಿ ಬಂದವರು ಎಂದು ಲೆಕ್ಕ ಹಾಕತೊಡಗುತ್ತಾಳೆ. ಇದನ್ನು ಹೊರಗೆ ನಿಂತ ಟೀಕಾಕಾರರು ಬರೆದಿದ್ದರೆ ಮಾತು ಬೇರೆ. ಎರಡು ಸಲ ಸೆರೆಮನೆ ಕಂಡ, ಮಾಲೆ ಹಾಕಿಸಿಕೊಂಡ ಹೆಂಗಸೇ ಬರೆದದ್ದು ಇದು. ಸುಭದ್ರಾ ಅವರ ಒಂದು ಬರಹವನ್ನಷ್ಟೇ ಕನ್ನಡದ ಮಕ್ಕಳಿಗೆ ಓದಿಸಿ ಎಂದು ಯಾರಾದರೂ ಕೇಳಿದರೆ ನಾನು ಝಾನ್ಸಿಯನ್ನು ಬಿಟ್ಟು ರಾಹೀಯನ್ನು ಕೊಡುತ್ತೇನೆ.

'ಪಾಪೀ ಪೇಟ್' ಇನ್ನೊಂದು. ಸಭೆಯ ಮೇಲೆ ಲಾಠಿ ಬೀಸಿ ಮನೆಗೆ ಹೋದವರ ಕಥೆ. ಹೊಡೆಸಿಕೊಂಡವರದಲ್ಲ, ಹೊಡೆದವರದು. ಕಾನ್‌ಸ್ಟೇಬಲನಿಂದ ಹಿಡಿದು ಹುಕುಂ ಕೊಟ್ಟ ಅಧಿಕಾರಿಯ ತನಕ ಒಬ್ಬೊಬ್ಬರಿಗೂ ಒಳಗೆ ಕುಟುಕುತ್ತದೆ. ಒಬ್ಬೊಬ್ಬರೂ ಹಾಳು ಹೊಟ್ಟೆಯ ಕಡೆ ಕೈ ತೋರಿಸುತ್ತಾರೆ. ತಾಲೂಕು ಕಚೇರಿಯ ನೆರಳಿನಲ್ಲಿ ಬೆಳೆದ ನನಗೆ ಆ ಮುಖಗಳೆಲ್ಲ ಗೊತ್ತಿದ್ದವೇ. 'ಹೀಂಗ್‌ವಾಲಾ'ದಲ್ಲಿ ಇಂಗು ಮಾರುವ ಕಾಬೂಲಿ ಖಾನ್ ಇದ್ದಾನೆ. ಬೇಡವೆಂದರೂ ಅಂಗಳದಲ್ಲಿ ಕೂತು ಇಂಗು ತೂಗಿ ಕೊಟ್ಟೇ ಹೋಗುವವನು. ದಸರೆಯ ಮೆರವಣಿಗೆ ನೋಡಲು ಹೋದ ಮಕ್ಕಳು ಗಲಭೆಯಲ್ಲಿ ಸಿಕ್ಕಿಕೊಂಡಾಗ, ಜೋಪಾನವಾಗಿ ತಂದು ತಾಯಿ ಸಾವಿತ್ರಿಯ ಕೈಗೆ ಒಪ್ಪಿಸುವವನು ಅವನೇ. ಕಥೆ ಸರಳ, ಸರಳಕ್ಕಿಂತ ಒಂದು ಕೈ ಹೆಚ್ಚೇ ಸರಳ ಎಂದು ವಿಮರ್ಶಕರು ಮೂಗು ಮುರಿಯಬಹುದು. ಅವರ ಕೊನೆಯ ಕಥಾಸಂಕಲನದ ಹೆಸರೇ 'ಸೀಧೇ ಸಾದೇ ಚಿತ್ರ್', ನೇರ ಸಾದಾ ಚಿತ್ರಗಳು. ಬಂದದ್ದು 1947ರಲ್ಲಿ. ಆ ವರ್ಷ ಇಂಗು ಮಾರುವ ಖಾನನನ್ನು ಅಂಗಳದೊಳಗೆ ಕರೆದುಕೊಳ್ಳುವುದು ಎಷ್ಟು ಸರಳವಿತ್ತು ಎಂಬುದನ್ನು ಮೂಗು ಮುರಿಯುವವರು ಯೋಚಿಸಲಿ.

ಪುಸ್ತಕಗಳ ಲೆಕ್ಕ ಬೇಗ ಮುಗಿಸುತ್ತೇನೆ. ಕವಿತೆಗಳ 'ಮುಕುಲ್' 1930ರಲ್ಲಿ; ಅದಕ್ಕೆ ಸೇಕ್ಸರಿಯಾ ಪುರಸ್ಕಾರ ಬಂತು. ಮೊದಲ ಕಥಾಸಂಕಲನ 'ಬಿಖರೇ ಮೋತೀ' 1932ರಲ್ಲಿ. ಅದಕ್ಕೂ ಅದೇ ಪುರಸ್ಕಾರ. ಆಮೇಲೆ 1934ರಲ್ಲಿ 'ಉನ್ಮಾದಿನೀ'. ಐದು ಮಕ್ಕಳು, ಕಾಂಗ್ರೆಸ್ ಕೆಲಸ, ಮಧ್ಯಪ್ರಾಂತದ ಶಾಸನಸಭೆ, ಮತ್ತೆ 1942ರ ಜೈಲು. ಈ ನಡುವೆ ಬರೆದದ್ದು ಇಷ್ಟೇ.

ಈಗ ಝಾನ್ಸಿ ಪದ್ಯಕ್ಕೆ ಬರೋಣ. ಅದನ್ನು ಬಿಟ್ಟು ಹೋದರೆ ಹಿಂದಿ ಪರೀಕ್ಷೆ ಪಾಸಾದ ಹಿರಿಯರು ನನ್ನನ್ನು ಬಿಡುವುದಿಲ್ಲ.

ಅದೊಂದು ಲಾವಣಿ. ರಾಣಿ ವಿಧವೆಯಾದದ್ದು, ಡಾಲ್‌ಹೌಸಿ ಝಾನ್ಸಿಯನ್ನು ನುಂಗಿದ್ದು, ಕತ್ತಿ ಹಿಡಿದದ್ದು, ಗ್ವಾಲಿಯರಿನ ಹತ್ತಿರ ಬಿದ್ದದ್ದು ಎಲ್ಲ ಕ್ರಮವಾಗಿ ಬರುತ್ತದೆ. ಇಂಗ್ಲಿಷರ ಜೊತೆ ಕೈಗೂಡಿಸಿದ ಸಿಂಧಿಯಾ ರಾಜಧಾನಿ ಬಿಟ್ಟು ಓಡಿದ್ದನ್ನೂ ಕವಿ ಹೆಸರು ಹಿಡಿದೇ ಹೇಳುತ್ತಾರೆ. ಸುತ್ತಲೂ ರಾಜಮನೆತನಗಳಿದ್ದ ಮಧ್ಯ ಭಾರತದಲ್ಲಿ ಕೂತು ಬರೆದದ್ದು ಎಂಬುದು ಗಮನದಲ್ಲಿರಲಿ. ಆದರೆ ಚಳವಳಿಯ ಕಾಲಕ್ಕೆ 1857 ಮುಗಿದು ಎಪ್ಪತ್ತು ವರ್ಷ ಕಳೆದಿತ್ತು. ಸರಕಾರಿ ಶಾಲೆಯ ಪುಸ್ತಕದಲ್ಲಿ ಅದು ಸಿಪಾಯಿಗಳ ದಂಗೆ. ಹಾಗಲ್ಲ ಎಂದು ಹೇಳಲು ಸುಭದ್ರಾ ದಾಖಲೆ ಹುಡುಕಲಿಲ್ಲ, ಹರಬೋಲರನ್ನು ಸಾಕ್ಷಿಗೆ ನಿಲ್ಲಿಸಿದರು. ಸಾಕ್ಷಿ ಯಾರದೆಂದರೆ ಭಿಕ್ಷೆಯವರದು.

ಇದರ ಜೊತೆಗೆ ನಮ್ಮ ಹಲಗಲಿಯ ಬೇಡರ ಲಾವಣಿಯನ್ನು ಇಟ್ಟು ನೋಡಿ. ಅದೂ 1857ರದೇ ಮಾತು. ಹತಾರ ಒಪ್ಪಿಸಿ ಎಂಬ ಹುಕುಂ ಬಂತು, ಬೇಡರು ಒಪ್ಪಲಿಲ್ಲ, ಊರು ಸುಟ್ಟಿತು. ಅದನ್ನು ಕಟ್ಟಿ ಹಾಡಿದವರು ಹಳ್ಳಿಗರು. ಬರೆಸಿಕೊಂಡು 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಅಚ್ಚು ಹಾಕಿಸಿದವರು ಯಾರು? ಫ್ಲೀಟ್ ಸಾಹೇಬರು, ಅದೇ ಸರಕಾರದ ಅಧಿಕಾರಿ! ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ಅವರೇ ಹಾಕಿಸಿದರು. ನಮ್ಮಲ್ಲಿ ಲಾವಣಿ ಸಂಶೋಧನೆಗೆ ಹೋಯಿತು. ಬುಂದೇಲಖಂಡದಲ್ಲಿ ಅದು ಒಬ್ಬ ಇಪ್ಪತ್ತು ಚಿಲ್ಲರೆ ವಯಸ್ಸಿನ ಗೃಹಿಣಿಯ ಕೈಗೆ ಸಿಕ್ಕಿ, ಹೊಸ ಹಿಂದಿಯಲ್ಲಿ ಮತ್ತೆ ಬಾಯಿಗೆ ಮರಳಿತು. ಎರಡೂ ಬೇಕಾದದ್ದೇ. ಆದರೂ ಎರಡನೆಯದನ್ನು ನೆನೆದಾಗ ನನಗೆ ಸಣ್ಣ ಹೊಟ್ಟೆಕಿಚ್ಚು.

ಆ ಪಲ್ಲವಿಯ ಇನ್ನೊಂದು ಮಾತಿಗೆ ಇತ್ತೀಚೆಗೆ ತಕರಾರು ಎದ್ದಿದೆ. 'ಮರ್ದಾನೀ' ಎಂಬುದು. ರಾಣಿಯ ಶೌರ್ಯವನ್ನು ಗಂಡಸಿನ ಅಳತೆಗೋಲಿನಿಂದ ಯಾಕೆ ಅಳೆಯಬೇಕು ಎಂದು ನನ್ನ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ನಾವೂ ಕಿತ್ತೂರಿನ ನೆಲವನ್ನು ಗಂಡುಮೆಟ್ಟಿನ ನಾಡು ಎಂದು ಕರೆದು, ಅದೇ ಉಸಿರಿನಲ್ಲಿ ಚೆನ್ನಮ್ಮನ ಹೆಸರು ಹೇಳುವವರು. ನಾನು ಆ ಹುಡುಗಿಗೆ ಇಷ್ಟೇ ಹೇಳಿದೆ: ಆ ಪದ ಸುಭದ್ರಾಗೆ ಬಂದದ್ದು ಜನರ ಬಾಯಿಂದ, ಬಂದ ಹಾಗೇ ಇಟ್ಟರು, ತಮ್ಮ ಸ್ವಂತ ಮಾತನ್ನು ಮನೆಯಲ್ಲಿ ನಡೆಸಿ ತೋರಿಸಿದರು. ಅವಳಿಗೆ ಸಮಾಧಾನವಾಗಲಿಲ್ಲ. ನನಗೂ ಪೂರ್ತಿ ಆಗಿಲ್ಲ.

ಮನೆಯಲ್ಲಿ ನಡೆಸಿದ್ದು ಎಂದೆನಲ್ಲ, ಅದು ಮಗಳ ಮದುವೆಯ ವಿಷಯ. ಹಿರಿಯ ಮಗಳು ಸುಧಾ ಮದುವೆಯಾದದ್ದು ಪ್ರೇಮಚಂದರ ಮಗ ಅಮೃತರಾಯರನ್ನು. ಇವರು ರಜಪೂತರು, ಅವರು ಕಾಯಸ್ಥರು. ಜಾತಿ ಬಿಟ್ಟು ಕೊಟ್ಟದ್ದಕ್ಕೆ ನೆಂಟರು ಮುನಿದದ್ದು ಹೊಸ ಸಂಗತಿಯಲ್ಲ. ಸುಭದ್ರಾ ಕನ್ಯಾದಾನವನ್ನೇ ಮಾಡುವುದಿಲ್ಲ ಎಂದರಂತೆ. ಮನುಷ್ಯರು ಮನುಷ್ಯರನ್ನು ದಾನ ಮಾಡುವುದೆಂದರೇನು, ಮದುವೆಯಾದ ಮೇಲೆ ಇವಳು ನನ್ನ ಮಗಳಲ್ಲವೇ ಎಂಬುದು ಅವರ ವಾದ ಎಂದು ಮಹಾದೇವಿ ಬರೆದಿದ್ದಾರೆ. ಮುಂದೆ ತಾಯಿಯ ಜೀವನಚರಿತ್ರೆ ಬರೆದವರೂ ಈ ಸುಧಾ ಅವರೇ. ಪುಸ್ತಕದ ಹೆಸರು 'ಮಿಲಾ ತೇಜ್ ಸೇ ತೇಜ್'. ಹಿಂದಿ ಬಲ್ಲವರು ಹುಡುಕಿ ಓದಬೇಕು.

ಇಷ್ಟೆಲ್ಲ ಹಟವಿದ್ದ ಹೆಂಗಸು ಮನೆಗೆಲಸದಲ್ಲಿ ಅಷ್ಟೇ ಮುಳುಗುತ್ತಿದ್ದರು. ಗೆಳತಿಯರಿಬ್ಬರೂ ಒಮ್ಮೆ ಅಂಗಳ ಸಾರಿಸುವ ಪಂದ್ಯ ಕಟ್ಟಿದರಂತೆ. ಸಗಣಿ ಕಲಸಿ ಶುರು ಹಚ್ಚಿಕೊಂಡ ಮೇಲೆ ನೆನಪಾಯಿತು, ಗೆದ್ದವರು ಯಾರೆಂದು ಹೇಳುವುದಕ್ಕೆ ಮೂರನೆಯವರೇ ಇಲ್ಲ! ಹಿಂದಿ ಕಾವ್ಯದ ಚರಿತ್ರೆ ಬರೆಯುವವರು ಮಾತ್ರ ಆ ಪಂದ್ಯಕ್ಕೆ ಬೇಗ ತೀರ್ಪು ಕೊಟ್ಟುಬಿಟ್ಟರು. ಮಹಾದೇವಿ ಯುಗಪ್ರವರ್ತಕಿ, ಸುಭದ್ರಾ ರಾಷ್ಟ್ರೀಯ ಧಾರೆಯ ಒಬ್ಬ ಕವಯಿತ್ರಿ, ಶಾಲೆಯ ಪಠ್ಯಕ್ಕೆ ಸರಿ. ಒಗಟಿನಂಥ ಕವಿತೆ ಬರೆದ ಮುಕ್ತಿಬೋಧರು ಮಾತ್ರ ಸುಭದ್ರಾ ಅವರ ಯಶಸ್ಸಿನ ಗುಟ್ಟೇನೆಂದು ಕೂತು ಪ್ರಬಂಧ ಬರೆದರು ಎಂಬುದು ನನಗೆ ಯಾವಾಗಲೂ ಸಂತೋಷ ಕೊಡುವ ಸಂಗತಿ. ಮಕ್ಕಳ ಪದ್ಯಗಳನ್ನೇ ನೋಡಿ. ಯಮುನೆಯ ದಂಡೆಯಲ್ಲಿ ಕದಂಬದ ಮರವಿದ್ದಿದ್ದರೆ ಏರಿ ಕೂತು ಅಮ್ಮನನ್ನು ಆಟವಾಡಿಸುತ್ತಿದ್ದೆ ಎನ್ನುವ ಮಗುವಿನ ಪದ್ಯವೊಂದಿದೆ. ಕಷ್ಟದ ಪದವೆಂಬುದು ಒಂದೂ ಇಲ್ಲ. ಜಲಿಯನ್‌ವಾಲಾ ಬಾಗಿನ ಮೇಲೆ ಬರೆದಾಗಲೂ ಅವರು ಗರ್ಜಿಸುವುದಿಲ್ಲ. ವಸಂತ ಋತುವನ್ನು ಕರೆದು, ಇಲ್ಲಿ ಸಾವಾಗಿದೆ, ಸದ್ದು ಮಾಡದೆ ಬಾ ಎಂದು ಸಾವಿನ ಮನೆಯ ಬಾಗಿಲಲ್ಲಿ ನಿಂತ ಹಿರಿಯ ಹೆಂಗಸಿನಂತೆ ಹೇಳುತ್ತಾರೆ.

ಸ್ವಾತಂತ್ರ್ಯ ಬಂದ ಮೇಲೆ ಅವರಿಗೆ ಸಿಕ್ಕಿದ್ದು ಆರೇ ತಿಂಗಳು. ಜನವರಿ 30ಕ್ಕೆ ಗಾಂಧೀಜಿ ಹೋದರು. ಫೆಬ್ರವರಿಯಲ್ಲಿ ಶಿಕ್ಷಣ ಇಲಾಖೆಯ ಸಭೆಗೆಂದು ನಾಗಪುರಕ್ಕೆ ಹೋಗಿದ್ದ ಸುಭದ್ರಾ 15ರಂದು ಕಾರಿನಲ್ಲಿ ಜಬಲ್‌ಪುರಕ್ಕೆ ಮರಳುತ್ತಿದ್ದರು. ಸಿವನೀ ಹತ್ತಿರ ರಸ್ತೆಗೆ ಅಡ್ಡ ಬಂದ ಕೋಳಿಮರಿಗಳನ್ನು ಉಳಿಸಲು ಹೋಗಿ ಕಾರು ಮರಕ್ಕೆ ಬಡಿಯಿತು ಎನ್ನುತ್ತಾರೆ. ವಯಸ್ಸು ನಲವತ್ತಮೂರು. ಅದು ವಸಂತಪಂಚಮಿಯ ಹೊತ್ತು. ನಾಗರಪಂಚಮಿಗೆ ಬಂದವಳು ವಸಂತಪಂಚಮಿಗೆ ಹೋದಳು ಎಂದು ಗೆಳತಿ ಲೆಕ್ಕ ಹಾಕಿದರು.

ಸಾವಿನ ಬಗ್ಗೆ ಇಬ್ಬರೂ ಹಿಂದೆ ಒಮ್ಮೆ ಮಾತಾಡಿಕೊಂಡದ್ದುಂಟು. ನದಿಯಲ್ಲಿ ಹೆಸರಿಲ್ಲದ ಅಲೆಯಾಗಿ ಸೇರಿಹೋದರೆ ಸಾಕು ಎಂಬುದು ಮಹಾದೇವಿಯವರ ಮನಸ್ಸು. ಸುಭದ್ರಾಗೆ ಅದು ಹಿಡಿಸಲಿಲ್ಲ. ನನಗೆ ಸತ್ತ ಮೇಲೂ ಈ ನೆಲ ಬಿಟ್ಟು ಹೋಗುವ ಆಸೆಯಿಲ್ಲ ಎಂದರು. ತನ್ನದೊಂದು ಸಮಾಧಿ ಇರಬೇಕು, ಅದರ ಸುತ್ತ ದಿನಾ ಜಾತ್ರೆ ಸೇರಬೇಕು, ಮಕ್ಕಳು ಆಡಬೇಕು, ಹೆಂಗಸರು ಹಾಡಬೇಕು, ಗದ್ದಲ ಇರಬೇಕು. ಈಗ ಹೇಳು, ನಿನ್ನ ಅಲೆಗಿಂತ ಇದು ಚೆನ್ನಲ್ಲವೇ ಎಂದು ಕೇಳಿದರು.

ಆಮೇಲೆ ಸುಭದ್ರಾ ಅವರ ಅಸ್ಥಿಯನ್ನು ಅಲಹಾಬಾದಿನ ತ್ರಿವೇಣಿಗೆ ಬಿಟ್ಟಾಗ ದಡದಲ್ಲಿದ್ದು ನೋಡಿದವರು ಮಹಾದೇವಿ. ಮರುವರ್ಷ, 1949ರ ನವೆಂಬರಿನಲ್ಲಿ, ಅವರು ಜಬಲ್‌ಪುರಕ್ಕೆ ಹೋದರು. ಬಾವುಟ ಹಾರಿಸಲು ಬಿಡದಿದ್ದ ಆ ಊರಿನ ನಗರಸಭೆಯ ಮುಂದೆ ಗೆಳತಿಯ ಪ್ರತಿಮೆ ನಿಲ್ಲಿಸಿದ್ದರು. ಬಟ್ಟೆ ಸರಿಸಿ ಅದನ್ನು ಊರಿಗೆ ತೋರಿಸಿದವರು, ಹಿಂದೆ ಲೆಕ್ಕದ ಪುಸ್ತಕ ಕಸಿಸಿಕೊಂಡಿದ್ದ ಆ ಹುಡುಗಿ.